ಕಾರಿನೊಳಗಿನ ತಂಪು: ಅರ್ಧ ಬರೆದ ಚರಿತ್ರೆ

ಡೇರೆ, ಒಲೆ ಕಟ್ಟಿಕೊಂಡು ಕಾರಿನಲ್ಲಿ ಕಾಡುಬೆಟ್ಟ ಸುತ್ತುವವರಿಗಾಗಿ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ, ಕಾರಿನಲ್ಲಿ ಆಹಾರ ತಂಪಾಗಿಡುವ ವಿದ್ಯೆ ಹುಟ್ಟಿದ್ದೇ ಲಿಥಿಯಂ ಬ್ಯಾಟರಿಯ ಪವರ್ ಸ್ಟೇಷನ್ ಜೊತೆಗೆ ಅನ್ನಿಸುತ್ತದೆ. ಎಲ್ಲರೂ ಕೇಳುವುದು ಎಷ್ಟು ವಾಟ್-ಅವರ್ ಎಂದಷ್ಟೇ. ದೊಡ್ಡದು ಕೊಂಡರೆ ಆಯಿತು! ವಾಹನಗಳಿಗೆ ಎರಡನೇ ಬ್ಯಾಟರಿ ಕೂರಿಸುತ್ತ, ವೈರು ಎಳೆಯುತ್ತ ಬಂದ ನನ್ನಂಥವರಿಗೆ ಈ ಚರಿತ್ರೆ ಒಪ್ಪಿಗೆಯಾಗುವುದಿಲ್ಲ.

ಹಳೆಯ ಘಟ್ಟಗಳನ್ನು ಬೇಗ ಮುಗಿಸಬಹುದು. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯೂರು ಕೂಲ್‌ಗಾರ್ಡಿಯಲ್ಲಿ ಕಪಾಟಿಗೆ ಒದ್ದೆ ಗೋಣಿತಾಟು ಹೊದಿಸಿ ಗಾಳಿಗಿಟ್ಟು ಆಹಾರ ಕಾಪಾಡುತ್ತಿದ್ದರು. 1922ರಲ್ಲಿ ಸ್ಟಾಕ್‌ಹೋಮಿನ ವಿದ್ಯಾರ್ಥಿಗಳಾದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಪ್ರೆಸರ್ ಇಲ್ಲದೆ ಬರೀ ಶಾಖದಿಂದ ನಡೆಯುವ ಅಮೋನಿಯಾ ಫ್ರಿಜ್ ರೂಪಿಸಿದರು. ಯುರೋಪಿನ ಕ್ಯಾರವಾನುಗಳಲ್ಲಿ ಅದು ಗ್ಯಾಸಿನಲ್ಲಿ ನಡೆಯಿತು. ಆದರೆ ವಾಹನ ವಾಲಿ ನಿಂತರೆ ಅದು ಮುಷ್ಕರ ಹೂಡುತ್ತದೆ, ಬಿಸಿಲೂರಿಗೂ ಅಷ್ಟಕ್ಕಷ್ಟೆ. 1834ರಲ್ಲಿ ಪೆಲ್ಟಿಯರ್ ಎಂಬ ವಿಜ್ಞಾನಿ ಕಂಡುಕೊಂಡ, ವಿದ್ಯುತ್ ಹರಿಸಿ ನೇರವಾಗಿ ತಂಪು ಪಡೆಯುವ ತತ್ತ್ವ ಇಂದಿನ ಅಗ್ಗದ ಕಾರ್ ಕೂಲರ್‌ಗಳಲ್ಲಿದೆ. ಬಿಡುವಿಲ್ಲದೆ ನಾಲ್ಕೈದು ಆಂಪಿಯರ್ ಕುಡಿದು, ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿ ಇಳಿಸುವ ಈ ಪೆಟ್ಟಿಗೆಯನ್ನು ಫ್ರಿಜ್ ಎನ್ನುವುದು ಮಾರುವವರ ಔದಾರ್ಯ.

ನಿಜವಾದ ತಿರುವು 12 ವೋಲ್ಟಿನ ಕಂಪ್ರೆಸರ್. ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿಯ ‘BD’ ಸರಣಿಯ ಪುಟ್ಟ ಯಂತ್ರಗಳು, ಜಪಾನಿನ ಸವಾಫುಜಿ ಕಂಪನಿ ಎಂಗೆಲ್ ಹೆಸರಿನಲ್ಲಿ ತಂದ ಫ್ರಿಜ್‌ಗಳು ಆಸ್ಟ್ರೇಲಿಯಾದ ಮರುಭೂಮಿ ದಾರಿಗಳಲ್ಲಿ ಹೆಸರು ಮಾಡಿದವು. 40 ಲೀಟರಿನ ಇಂಥ ಪೆಟ್ಟಿಗೆ ಓಡುವಾಗ 40-60 ವಾಟ್ ಎಳೆದರೂ, ಒಳಗೆ ತಂಪಾದ ಮೇಲೆ ನಿಂತು ನಿಂತು ಓಡುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಅದಕ್ಕೆ ಒಪ್ಪಿಸಿದರೆ ಬೆಳಿಗ್ಗೆ ಗಾಡಿ ತಳ್ಳಬೇಕು. ಹಾಗಾಗಿ ಎರಡನೇ ಬ್ಯಾಟರಿ, ನಡುವೆ ಎರಡನ್ನೂ ಬೇರ್ಪಡಿಸುವ ಐಸೊಲೇಟರ್ ರಿಲೇ ಬಂದವು. ಸೀಸದ ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ಶಿಸ್ತೂ ಬಂತು.

ನಮ್ಮ ತಲೆಮಾರು ಕಲಿತ ದೊಡ್ಡ ಪಾಠ ವೈರಿನದು. ಹಿಂಬದಿಯ ಫ್ರಿಜ್‌ಗೆ 1.5 ಚದರ ಮಿಲಿಮೀಟರ್ ವೈರನ್ನು ನಾಲ್ಕು ಮೀಟರ್ ಎಳೆದು ಐದು ಆಂಪಿಯರ್ ಹರಿಸಿದರೆ, ಹೋಗಿಬರುವಷ್ಟರಲ್ಲಿ ಅರ್ಧ ವೋಲ್ಟ್ ಸೋರಿಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ ನಷ್ಟ ಅದರ ಕಾಲು ಭಾಗ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿದ ಫ್ರಿಜ್ ಬ್ಯಾಟರಿ ಖಾಲಿಯಾಯಿತೆಂದು ತಿಳಿದು ನಿಂತುಬಿಡುವುದು ಬಹಳ ಸಲ ಇದರಿಂದಲೇ. ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸಿ ಸುಸ್ತಾಗಿ ಬಂದವರ ಗಾಡಿ ದಪ್ಪ ವೈರಿನಿಂದ ಸರಿಹೋದದ್ದುಂಟು. ಯಾವ ವಿಡಿಯೊದಲ್ಲೂ ಇದು ಮಿಂಚುವುದಿಲ್ಲ, ಬಿಡಿ.

1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಮತ್ತಿತರರ ಪ್ರಬಂಧ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ದಾರಿ ತೆರೆಯಿತು. ಸೀಸಕ್ಕಿಂತ ಎಷ್ಟೋ ಹಗುರ, ತುಂಬಿದ್ದನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಸಾವಿರಗಟ್ಟಲೆ ಸಲ ಚಾರ್ಜ್ ತಾಳುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ. ಲಡಾಖಿಗೆ ಹೊರಟವರು ಇದನ್ನು ತಿಳಿದಿರಬೇಕು. ಲಿಥಿಯಂ ಬ್ಯಾಟರಿಯನ್ನೇ ಇನ್ವರ್ಟರ್ ಸಮೇತ ಒಂದೇ ಡಬ್ಬದಲ್ಲಿಟ್ಟದ್ದು ಪವರ್ ಸ್ಟೇಷನ್. ಅನುಕೂಲವಿದೆ, ಅಲ್ಲಗಳೆಯುವುದಿಲ್ಲ. ಆದರೆ ಕಾರಿನ ಸಾಕೆಟ್ಟಿನಿಂದ ಅದಕ್ಕೆ ಸಾಮಾನ್ಯವಾಗಿ ಸಿಗುವುದು ಸುಮಾರು 100 ವಾಟ್. ಸಾವಿರ ವಾಟ್-ಅವರ್ ತುಂಬಿಸಲು ಹತ್ತು ಗಂಟೆ ಗಾಡಿ ಓಡಿಸಬೇಕು. ಮಳೆಗಾಲದ ಮಲೆನಾಡಿನ ಮರದಡಿ ಸೋಲಾರ್ ಫಲಕವೂ ಕೈಹಿಡಿಯದು.

ಯಾರೂ ಅಷ್ಟಾಗಿ ಮುಟ್ಟದ ವಿಷಯ ತಂಪನ್ನೇ ಕೂಡಿಡುವುದು. ಒಂದು ಕಿಲೋ ಐಸು ಕರಗುವಾಗ ಸುಮಾರು 93 ವಾಟ್-ಅವರ್ ಶಾಖ ಹೀರುತ್ತದೆ. ಕಾರು ಓಡುವಾಗಲೇ ಫ್ರಿಜ್ಜಿನ ತಳದಲ್ಲಿ ಐಸ್ ಪ್ಯಾಕುಗಳನ್ನು ಗಟ್ಟಿಮಾಡಿಕೊಂಡರೆ ರಾತ್ರಿ ಬ್ಯಾಟರಿಯ ಹೊರೆ ಇಳಿಯುತ್ತದೆ. ಲಸಿಕೆ ಸಾಗಿಸುವವರು ಇದನ್ನು ಚೆನ್ನಾಗಿ ಬಲ್ಲರು. ಬ್ಯಾಟರಿಯೇ ಇಲ್ಲದೆ, ಹಗಲಿನ ಬಿಸಿಲಿನಲ್ಲಿ ಐಸು ಕಟ್ಟಿ ರಾತ್ರಿ ಕಳೆಯುವ ಸೋಲಾರ್ ಫ್ರಿಜ್‌ಗಳು ಅವರಲ್ಲಿವೆ. ಲಸಿಕೆ ಪೆಟ್ಟಿಗೆ ಎಷ್ಟು ಹೊತ್ತು ತಂಪು ಹಿಡಿಯುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ 43 ಡಿಗ್ರಿ ಬಿಸಿಯಲ್ಲಿ ಅಳೆಯುತ್ತದೆ. ಪ್ರವಾಸಿ ಫ್ರಿಜ್‌ಗಳ ಕರಪತ್ರದಲ್ಲಿರುವ ಬಳಕೆಯ ಅಂಕಿ ಎಷ್ಟೋ ಸಲ 25 ಡಿಗ್ರಿಯದು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿಗೆ ನಿಂತ ಕಾರಿನ ಡಿಕ್ಕಿಗೆ ಆ ಅಂಕಿಯಿಂದ ಏನು ಪ್ರಯೋಜನ?

43 ಡಿಗ್ರಿಯಲ್ಲಿ ದಿನಕ್ಕೆಷ್ಟು ವಾಟ್-ಅವರ್ ಎಂದು ಮಾರುವವರು ಹೇಳಲಿ, ಕೊಳ್ಳುವವರು ಕೇಳಲಿ. ಅಲ್ಲಿಯವರೆಗೆ, ದೊಡ್ಡ ಬ್ಯಾಟರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ದಪ್ಪ ವೈರಿಗೂ ದಪ್ಪ ಗೋಡೆಯ ಪೆಟ್ಟಿಗೆಗೂ ಮೊದಲ ಪಾಲು ಕೊಡುವುದು ಲೇಸು.