ಗುಮ್ಮಟ ಹತ್ತುವ ಮುನ್ನ ನಗಾರಖಾನೆ

ಡಿಸೆಂಬರ್ ಬಂತೆಂದರೆ ವಿಜಯಪುರದ ಗೋಳಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಎಲ್ಲೆಲ್ಲಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮಕ್ಕಳು ನಿದ್ದೆಗಣ್ಣಿನಲ್ಲೇ ಮೆಟ್ಟಿಲು ಹತ್ತುತ್ತಾರೆ. ಮೇಲೆ ಹೋಗಿ ಕೂಗು ಹಾಕುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಆಚೆ ಬದಿಯ ಗೋಡೆಗೆ ಕಿವಿಯಿಟ್ಟ ಗೆಳೆಯನಿಗೆ ಗುಟ್ಟು ಹೇಳುತ್ತಾರೆ. ಅರ್ಧ ಗಂಟೆಯಲ್ಲಿ ಇಳಿದು ಮತ್ತೆ ಬಸ್ಸು. ಮುಂದೆ ಆಲಮಟ್ಟಿ, ಕೂಡಲಸಂಗಮ, ಬಾದಾಮಿ ಕಾಯುತ್ತಿರುತ್ತವೆ. ಹೋಗುವಾಗ ಬರುವಾಗ ಗುಮ್ಮಟದ ಮುಂದೆಯೇ ನಿಂತಿರುವ ಇನ್ನೊಂದು ಕಟ್ಟಡವನ್ನು ಬಹುಪಾಲು ಶಾಲೆಗಳು ನೋಡಿಯೂ ನೋಡದಂತೆ ದಾಟಿಬಿಡುತ್ತವೆ. ಅದು ನಗಾರಖಾನೆ. ಒಂದು ಕಾಲಕ್ಕೆ ನಗಾರಿ ಬಾರಿಸಲೆಂದು ಕಟ್ಟಿದ ಆ ಕಟ್ಟಡದೊಳಗೆ ಇಂದು ವಸ್ತುಸಂಗ್ರಹಾಲಯವಿದೆ.

ಗುಮ್ಮಟ ನಮ್ಮ ದನಿಯನ್ನೇ ನಮಗೆ ಏಳು ಸಲ ಮರಳಿಸುತ್ತದೆ. ಅದು ಸೋಜಿಗವೇ ಸರಿ. ಆದರೆ ನಗಾರಖಾನೆಯಲ್ಲಿರುವುದು ಬೇರೆಯವರ ದನಿಗಳು. ಇತಿಹಾಸದ ಪಾಠವೆಂದರೆ ಬೇರೆಯವರ ದನಿಯನ್ನು ಕೇಳಿಸಿಕೊಳ್ಳುವುದನ್ನು ಕಲಿಯುವುದಲ್ಲವೇ? ಹಾಗಿದ್ದರೆ ಪ್ರವಾಸದ ಯೋಜನೆ ಹಾಕುವ ಮೇಷ್ಟ್ರುಗಳು, ಟೀಚರುಗಳು ಗುಮ್ಮಟಕ್ಕೆ ಕೊಡುವ ಅರ್ಧ ಗಂಟೆಯ ಮುಂಚೆ ಇಲ್ಲಿಗೆ ಎರಡು ಗಂಟೆ ಕೊಡಬೇಕು ಎಂಬುದು ನನ್ನ ವಾದ.

ಈ ವಸ್ತುಸಂಗ್ರಹಾಲಯಕ್ಕೂ ಒಂದು ಚರಿತ್ರೆಯಿದೆ. 1686ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನು ಗೆದ್ದ ಮೇಲೆ ಆದಿಲಶಾಹಿ ಮುಗಿಯಿತು, ಊರು ಹಾಳು ಸುರಿಯತೊಡಗಿತು. 1848ರಲ್ಲಿ ಸಾತಾರಾ ಸಂಸ್ಥಾನ ಕಂಪನಿಯ ವಶವಾದಾಗ ಬಿಜಾಪುರವೂ ಅದರ ಜೊತೆ ಹೋಯಿತು. ಅಸರ ಮಹಲಿನಲ್ಲಿ ಉಳಿದಿದ್ದ ಅರಮನೆಯ ಗ್ರಂಥಭಂಡಾರದ ನಾನೂರಕ್ಕೂ ಹೆಚ್ಚು ಅರಬ್ಬೀ, ಫಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಸಾಗಿದವು. ಇಂದಿಗೂ ಅವು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮರುವರ್ಷ 1854ರಲ್ಲಿ, ಐವತ್ತೈದು ಟನ್ ತೂಗುವ ಮಲಿಕ್-ಎ-ಮೈದಾನ್ ತೋಪನ್ನು ಹಳೆಯ ಲೋಹದಂತೆ ಹರಾಜಿಗಿಟ್ಟರು. ಬಂದ ಬೆಲೆ ನೂರೈವತ್ತು ರೂಪಾಯಿ! ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಮುಂದೆ ಬಿಜಾಪುರ ಜಿಲ್ಲಾ ಕೇಂದ್ರವಾದಾಗ ಹಳೆಯ ಮಹಲು ಮಸೀದಿಗಳಲ್ಲೇ ಕಚೇರಿಗಳು ನೆಲೆಯೂರಿದವು. ಒಂದು ಮಸೀದಿಯಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು. ಅವೆರಡನ್ನೂ ಖಾಲಿ ಮಾಡಿಸಿದವನು ವೈಸ್‌ರಾಯ್ ಕರ್ಜನ್. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯ್ದೆ ಬಂದದ್ದೂ ಅವನ ಕಾಲದಲ್ಲೇ.

ಹೀಗೆ ಒಂದು ಕೈ ಸಾಗಿಸುತ್ತ, ಇನ್ನೊಂದು ಕೈ ಕಾಪಾಡುತ್ತ ಇದ್ದ ಕಾಲದಲ್ಲೇ, 1892ರಲ್ಲಿ, ಬಿಜಾಪುರದ ವಸ್ತುಸಂಗ್ರಹಾಲಯ ಹುಟ್ಟಿತು. ಹೊಲ, ಹಾಳುಗುಡಿ, ಕೋಟೆಯ ಒಡ್ಡುಗಳಲ್ಲಿ ಸಿಕ್ಕ ಶಿಲ್ಪಗಳು, ಶಾಸನಗಳು ಒಂದೆಡೆ ಸೇರಿದವು. ಲಂಡನ್ನಿಗೆ ಹೋಗದೆ ಉಳಿದ ಒಂದಿಷ್ಟು ಅರಬ್ಬೀ, ಫಾರಸಿ ಪುಸ್ತಕಗಳು ಪುರಾತತ್ವ ಅಧಿಕಾರಿ ಹೆನ್ರಿ ಕಸಿನ್ಸ್ ಶಿಫಾರಸಿನಿಂದ ಇಲ್ಲಿಗೆ ಬಂದವು. ಇದೇ ಕಸಿನ್ಸ್ 1916ರಲ್ಲಿ ಬಿಜಾಪುರದ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಸ್ವಾತಂತ್ರ್ಯದ ನಂತರ ಸಂಗ್ರಹಾಲಯ ಭಾರತೀಯ ಪುರಾತತ್ವ ಇಲಾಖೆಯ ಕೈಗೆ ಬಂತು.

ಇಷ್ಟನ್ನು ಮಕ್ಕಳಿಗೆ ಹೊರಡುವ ಮುಂಚೆಯೇ, ತರಗತಿಯಲ್ಲೇ ಹೇಳಬೇಕು. ಇನ್ನು ಯೋಜನೆಯ ಸಣ್ಣಪುಟ್ಟ ಸಂಗತಿಗಳು. ಮೊದಲನೆಯದು, ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಜುಮ್ಮಾ ದಿನ ಬಿಡುವು ಸಿಗುತ್ತದೆಂದು ಉರ್ದು ಶಾಲೆಗಳು ಅಂದೇ ಬಸ್ಸು ಗೊತ್ತು ಮಾಡಿದರೆ ಮುಚ್ಚಿದ ಬಾಗಿಲು ನೋಡಿ ಮರಳಬೇಕಾಗುತ್ತದೆ. ಎರಡನೆಯದು, ನೂರು ಮಕ್ಕಳನ್ನು ಒಟ್ಟಿಗೆ ಒಳನುಗ್ಗಿಸಬಾರದು. ಇಪ್ಪತ್ತೈದರ ಗುಂಪು ಮಾಡಿ, ಒಂದು ಗುಂಪು ಒಳಗಿರುವಾಗ ಉಳಿದವರು ಹೊರಗಿನ ಹುಲ್ಲುಹಾಸಿನ ಮೇಲೆ ಬುತ್ತಿ ಬಿಚ್ಚಲಿ. ಮೂರನೆಯದು, ಎಲ್ಲವನ್ನೂ ನೋಡಿ ಬನ್ನಿ ಎಂದರೆ ಮಕ್ಕಳು ಏನನ್ನೂ ನೋಡುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದೇ ವಸ್ತು ಆರಿಸಿಕೊಳ್ಳಲು ಹೇಳಬೇಕು. ಅದರ ಮುಂದೆ ನಿಂತು ಯಾರು ಮಾಡಿದರು, ಯಾರಿಗಾಗಿ, ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಲಿ. ಉತ್ತರ ಸಿಗದಿದ್ದರೂ ಅಡ್ಡಿಯಿಲ್ಲ.

ಕೆಳ ಅಂತಸ್ತಿನಲ್ಲಿ ಕಲ್ಲುಗಳ ಲೋಕವಿದೆ. ಹಿಂದೂ ದೇವತೆಗಳು, ಜೈನ ತೀರ್ಥಂಕರರು, ವೀರಗಲ್ಲುಗಳು. ಕನ್ನಡ, ಸಂಸ್ಕೃತ, ಅರಬ್ಬೀ, ಫಾರಸಿ ಶಾಸನಗಳು ಒಂದೇ ಸೂರಿನಡಿ ನೆರೆಹೊರೆಯವರಂತೆ ನಿಂತಿವೆ. ಕನ್ನಡ ಶಾಲೆಯ ಮಗು ಹಳಗನ್ನಡದ ಅಕ್ಷರವನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಬಹುದು. ಉರ್ದು ಶಾಲೆಯ ಮಗು ಫಾರಸಿ ಶಾಸನದಲ್ಲಿ ತನಗೆ ಗೊತ್ತಿರುವ ಒಂದೆರಡು ಪದಗಳನ್ನು ಹುಡುಕಿ ಕುಣಿಯಬಹುದು. ಎರಡು ಶಾಲೆಗಳು ಕೂಡಿಯೇ ಹೋದರೆ ಇನ್ನೂ ಚೆನ್ನ. ಒಬ್ಬರಿಗೆ ಬಾರದ್ದನ್ನು ಇನ್ನೊಬ್ಬರು ಓದಿ ಹೇಳಬಹುದು.

ಆದರೆ ಇಲ್ಲಿಯೇ ಪ್ರವಾಸದ ನಿಜವಾದ ಪರೀಕ್ಷೆಯೂ ಇದೆ. ಹೆಸರು ಹೇಳಬೇಕಿಲ್ಲದ ಒಂದು ಶಾಲೆಯ ಮಕ್ಕಳ ಜೊತೆ ಇಂಥ ಶಿಲ್ಪಗಳ ನಡುವೆ ನಾನೊಮ್ಮೆ ಇದ್ದೆ. ಮೂಗು ಮುರಿದ, ಕೈ ಉದುರಿದ ಒಂದು ಮೂರ್ತಿಯ ಮುಂದೆ ನಿಂತ ಹುಡುಗನೊಬ್ಬ, "ಇದನ್ನ ಯಾರು ಒಡದಾರ್ರಿ ಸರ್?" ಎಂದು ಕೇಳಿದ. ಮೇಷ್ಟ್ರು "ನಡೀರಿ ಮುಂದ, ಟೈಮಿಲ್ಲ" ಎಂದರು. ಅಷ್ಟರಲ್ಲಿ ನಾಲ್ಕಾರು ಮಕ್ಕಳು ತಿರುಗಿ ತಮ್ಮ ತರಗತಿಯ ಒಬ್ಬನೇ ಒಬ್ಬ ಮುಸ್ಲಿಮ್ ಹುಡುಗನ ಮುಖ ನೋಡಿದರು. ಆತ ತಲೆ ತಗ್ಗಿಸಿ ಷೂ ಲೇಸು ಕಟ್ಟಿಕೊಳ್ಳತೊಡಗಿದ. ಲೇಸು ಬಿಚ್ಚಿರಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ಅವರ ಬಳಿ ಉತ್ತರವಿರಲಿಲ್ಲ, ಅಷ್ಟೇ. ಉತ್ತರ ಸಿಗದ ಜಾಗವನ್ನು ಮಕ್ಕಳು ಬೀದಿಯಲ್ಲಿ ಕೇಳಿದ್ದರಿಂದ ತುಂಬಿಕೊಳ್ಳುತ್ತಾರೆ. ಹಾಗಾದರೆ ಏನು ಹೇಳಬೇಕು? ಸತ್ಯವನ್ನೇ ಹೇಳಬೇಕು, ಪೂರ್ತಿ ಹೇಳಬೇಕು. ಯುದ್ಧಗಳಲ್ಲಿ ಗುಡಿಗಳು ಒಡೆದಿವೆ. 1565ರಲ್ಲಿ ಇದೇ ಜಿಲ್ಲೆಯ ನೆಲದಲ್ಲಿ ನಡೆದ ರಕ್ಕಸ-ತಂಗಡಿ ಕಾಳಗದ ನಂತರ ದಖ್ಖನಿನ ಸುಲ್ತಾನರ ಸೈನ್ಯಗಳು ವಿಜಯನಗರವನ್ನು ಹಾಳುಗೆಡವಿದವು. ಇದನ್ನು ಮುಚ್ಚಿಡಬಾರದು. ಅದೇ ಉಸಿರಿನಲ್ಲಿ, ಆ ಕಾಳಗಕ್ಕೆ ಕೆಲವೇ ವರ್ಷ ಮುಂಚೆ ಅಲಿ ಆದಿಲಶಾಹನು ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ವಿಜಯನಗರಕ್ಕೇ ಹೋಗಿದ್ದನೆಂದೂ, ರಾಮರಾಯನ ಪತ್ನಿ ಅವನನ್ನು ಮಗನೆಂದು ಕರೆದಳೆಂದೂ ಚರಿತ್ರೆಕಾರ ಫಿರಿಸ್ತಾ ಬರೆದಿರುವುದನ್ನು ಹೇಳಬೇಕು. ಬಿಜಾಪುರದ ನೌರಸಪುರವನ್ನು 1624ರಲ್ಲಿ ಕೊಳ್ಳೆ ಹೊಡೆದವನು ಅಹಮದನಗರದ ಮಲಿಕ್ ಅಂಬರ್. ಬಿಜಾಪುರವನ್ನೇ ಮುಳುಗಿಸಿದವನು ಮೊಗಲ ಬಾದಶಹ. ಆಗ ಎರಡೂ ಕಡೆ ಮುಸ್ಲಿಮರೇ ಇದ್ದರು. ರಾಜರು ರಾಜ್ಯಕ್ಕಾಗಿ ಕಾದಾಡಿದರು. ಎಲ್ಲ ಮೂಗೂ ಕತ್ತಿಯಿಂದ ಮುರಿದದ್ದಲ್ಲ ಎಂಬುದನ್ನೂ ಸೇರಿಸಬೇಕು. ಮಳೆ ಬಿಸಿಲು, ನೇಗಿಲು, ನಮ್ಮ ಅಸಡ್ಡೆಗಳೂ ಕಲ್ಲನ್ನು ಒಡೆಯುತ್ತವೆ. ಕೊನೆಗೆ, ನಾನೂರೈವತ್ತು ವರ್ಷಗಳ ಹಿಂದಿನ ಕಾಳಗಕ್ಕೆ ಏಳನೇ ತರಗತಿಯ ಯಾವ ಹುಡುಗನೂ ಜವಾಬ್ದಾರನಲ್ಲ ಎಂಬುದನ್ನು ಎಲ್ಲರ ಎದುರು, ಗಟ್ಟಿಯಾಗಿ ಹೇಳಬೇಕು.

ಸಮಯ ಉಳಿದರೆ ಮಕ್ಕಳನ್ನು ಊರ ನಡುವಿನ ಅರಕಿಲ್ಲೆಗೂ ಕರೆದೊಯ್ಯಬಹುದು. ಅಲ್ಲಿ ಆದಿಲಶಾಹಿಗಿಂತ ಹಳೆಯದಾದ ಕರೀಮುದ್ದೀನನ ಮಸೀದಿಯಿದೆ. 1320ರ ಕಟ್ಟಡ, ಗುಡಿಯ ಕಂಬಗಳನ್ನೇ ಬಳಸಿ ಕಟ್ಟಿದ್ದು. ಅದನ್ನು ಕಟ್ಟಿದ ಕುಶಲಕರ್ಮಿ ಸಾಲೋಟಗಿಯ ರೇವಯ್ಯ ಎಂದು ಅಲ್ಲಿನ ಶಾಸನ ಹೇಳುತ್ತದೆ. ಗುಡಿಯ ಕಂಬ, ಮಸೀದಿಯ ಸೂರು, ರೇವಯ್ಯನ ಕೈ. ಇದನ್ನು ಬರೀ ವಿಜಯದ ಕಥೆ ಎನ್ನೋಣವೇ, ಬರೀ ಸೌಹಾರ್ದದ ಕಥೆ ಎನ್ನೋಣವೇ? ಎರಡೂ ಸಾಲುವುದಿಲ್ಲ. ಇಂಡಿ ತಾಲ್ಲೂಕಿನ ಅದೇ ಸಾಲೋಟಗಿಯಲ್ಲಿ, ರೇವಯ್ಯನಿಗೂ ಮುನ್ನೂರೆಪ್ಪತ್ತೈದು ವರ್ಷ ಮುಂಚೆ, ಒಂದು ದೊಡ್ಡ ವಿದ್ಯಾಶಾಲೆಯಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನ ಆ ಶಾಲೆಯನ್ನು ವರ್ಣಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳು, ದೀಪದ ಖರ್ಚಿಗೆ ಭೂಮಿ ದತ್ತಿ ಬಿಟ್ಟದ್ದು ಅದರಲ್ಲಿದೆ. ಸಾವಿರ ವರ್ಷದ ಹಿಂದೆ ಈ ಜಿಲ್ಲೆಯಲ್ಲಿ ಮಕ್ಕಳ ಓದಿಗೆ ದೀಪದೆಣ್ಣೆಯ ಚಿಂತೆ ಮಾಡಿದವರಿದ್ದರು ಎಂದು ತಿಳಿದ ಮಗುವಿಗೆ ಇತಿಹಾಸ ಬರೀ ಕತ್ತಿಯ ಕಥೆಯಾಗಿ ಕಾಣುವುದಿಲ್ಲ.

ನಗಾರಖಾನೆಯ ಮೇಲಂತಸ್ತಿನಲ್ಲಿ ಆದಿಲಶಾಹಿ ಬದುಕು ಮೈದಾಳುತ್ತದೆ. ಆಯುಧಗಳು, ನಾಣ್ಯಗಳು, ಕಿರುಚಿತ್ರಗಳು, ರತ್ನಗಂಬಳಿಗಳು, ಹಸ್ತಪ್ರತಿಗಳು, ಚೀನೀ ಪಿಂಗಾಣಿ. ಹುಡುಗರು ಕತ್ತಿಗಳ ಮುಂದೆ ಗುಂಪುಗೂಡುತ್ತಾರೆ, ಅದು ಸಹಜ. ಆದರೆ ಪಿಂಗಾಣಿಯ ಬಟ್ಟಲಿನ ಮುಂದೆ ಅವರನ್ನು ನಿಲ್ಲಿಸಿ ಕೇಳಬೇಕು: ಸಮುದ್ರವೇ ಇಲ್ಲದ ಈ ಒಣನೆಲಕ್ಕೆ ಚೀನಾದ ಬಟ್ಟಲು ಹೇಗೆ ಬಂತು? ಆಗ ನಕಾಶೆ ಬಿಚ್ಚಿಕೊಳ್ಳುತ್ತದೆ. ಬಿಜಾಪುರದ ರಾಜ್ಯ ಕೊಂಕಣದ ಕಡಲಿನವರೆಗೂ ಹಬ್ಬಿತ್ತು. 1510ರಲ್ಲಿ ಪೋರ್ಚುಗೀಸರು ಕಸಿದುಕೊಳ್ಳುವವರೆಗೆ ಗೋವೆಯೂ ಇವರದೇ ಬಂದರಾಗಿತ್ತು.

ಹಸ್ತಪ್ರತಿಗಳ ಬಳಿ ಎರಡನೇ ಇಬ್ರಾಹಿಮ್ ಆದಿಲಶಾಹನ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. 1580ರಿಂದ 1627ರವರೆಗೆ ಆಳಿದ ಆತ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ, ಪ್ರವಾದಿಯವರ ಮತ್ತು ಕಲಬುರಗಿಯ ಬಂದೇ ನವಾಜರ ಸ್ಮರಣೆಯೂ ಇದೆ. ಜನ ಅವನನ್ನು ಜಗದ್ಗುರು ಎಂದರು. ಆ ಪುಸ್ತಕದ ಭಾಷೆ ದಖನಿ. ಇದನ್ನು ಉರ್ದು ಶಾಲೆಯ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ಆಡುವ ದಖನಿಯನ್ನು ಕೆಟ್ಟ ಉರ್ದು ಎಂದು ಗೇಲಿ ಮಾಡುವವರು ಇದ್ದೇ ಇದ್ದಾರೆ. ದಿಲ್ಲಿಯಲ್ಲಿ ಉರ್ದು ಕಾವ್ಯ ಬೇರೂರುವ ಮುಂಚೆಯೇ ಬಿಜಾಪುರದಲ್ಲಿ ನುಸ್ರತಿಯಂಥ ಕವಿ ದಖನಿಯಲ್ಲಿ ಬರೆಯುತ್ತಿದ್ದ. ಅರಮನೆಯ ಆಚೆ, ಹೆಂಗಸರು ಬೀಸುವಾಗ ನೂಲುವಾಗ ಹಾಡಿಕೊಂಡ ಚಕ್ಕಿನಾಮಾ, ಚರಖಾನಾಮಾಗಳೂ ಸೂಫಿಗಳು ಇದೇ ಭಾಷೆಯಲ್ಲಿ ಕೊಟ್ಟವು. ಬೀಸುಕಲ್ಲಿನ ಪದ ಕನ್ನಡದ ತಾಯಂದಿರಿಗೂ ಹೊಸದಲ್ಲ.

ತಾಯಂದಿರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಪ್ರವಾಸದ ಪಟ್ಟಿ ತಯಾರಾಗುವಾಗ ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರುವುದಿಲ್ಲ. ರಾತ್ರಿ ಹೊರಗುಳಿಯಬೇಕು ಎಂಬ ಅಂಜಿಕೆ, ಖರ್ಚು, "ಅಲ್ಲಿ ಮೂರ್ತಿಗಳಿವೆಯಂತೆ" ಎಂಬ ಹಿಂಜರಿಕೆ. ಅಂಜಿಕೆಗೆ ಪರಿಹಾರವಿದೆ. ಹತ್ತಿರದ ಊರಿನವರು ಬೆಳಿಗ್ಗೆ ಹೊರಟು ಸಂಜೆ ಮರಳಲಿ, ನಾಲ್ಕಾರು ಅಮ್ಮಂದಿರನ್ನೂ ಜೊತೆಗೆ ಕರೆದೊಯ್ಯಲಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಪ್ರವೇಶ ಉಚಿತ, ಖರ್ಚಿನ ಬಹುಪಾಲು ಬಸ್ಸಿನದೇ. ಹಿಂಜರಿಕೆಗೆ ಹೇಳಬೇಕಾದ ಮಾತೂ ಸರಳ. ನೋಡುವುದು ಪೂಜೆಯಲ್ಲ, ತಿಳಿಯುವುದು. ಇದೇ ಮಾತು, ಮಸೀದಿ ದರ್ಗಾಗಳ ಹೊಸ್ತಿಲಲ್ಲಿ ಮಕ್ಕಳನ್ನು ತಡೆಯುವ ಇತರ ಪಾಲಕರಿಗೂ ಸಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಮಕ್ಕಳು ಗುಮ್ಮಟ ಹತ್ತಲಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹ ಅಲ್ಲಿ ಮಲಗಿದ್ದಾನೆ ಎಂಬುದು ಈಗ ಅವರಿಗೆ ಗೊತ್ತಿರುತ್ತದೆ. ನಡುವೆ ಒಂದೂ ಕಂಬವಿಲ್ಲದ ಆ ಸೂರಿನ ಕೆಳಗೆ ನಿಂತಾಗ ರೇವಯ್ಯನಂಥ ಎಷ್ಟು ಕೈಗಳು ಇಲ್ಲಿ ದುಡಿದಿರಬಹುದು ಎಂಬ ಪ್ರಶ್ನೆ ಕೆಲವರಿಗಾದರೂ ಏಳುತ್ತದೆ. ಊರಿಗೆ ಮರಳಿದ ಮೇಲೆ ಪ್ರತಿ ಮಗುವೂ ತಾನು ಆರಿಸಿಕೊಂಡ ಒಂದು ವಸ್ತುವಿನ ಬಗ್ಗೆ ತನ್ನ ಮನೆಮಾತಿನಲ್ಲಿ ಅರ್ಧ ಪುಟ ಬರೆಯಲಿ, ತರಗತಿಯಲ್ಲಿ ಓದಲಿ. ಮೂಗು ಮುರಿದ ಮೂರ್ತಿಯ ಬಗ್ಗೆ ಬರೆಯುವವರೂ ಇರುತ್ತಾರೆ. ಅದನ್ನು ಓದುವಾಗ ತರಗತಿಯ ಯಾವ ಹುಡುಗನೂ ತಲೆ ತಗ್ಗಿಸದಂತೆ ನೋಡಿಕೊಂಡರೆ, ಆ ಪ್ರವಾಸಕ್ಕೆ ಕೊಟ್ಟ ಹಣ ಸಾರ್ಥಕ.