ಮತಪೀಡನೆ ಮತ್ತು ಮತಸ್ವಾತಂತ್ರ್ಯ: ಶ್ರೀರಂಗಪಟ್ಟಣ, ಗುಬ್ಬಿಗಳ ಎರಡು ನಿದರ್ಶನಗಳು

ಪೀಡನೆಯೊದಗಿದಾಗ ಮತಶ್ರದ್ಧೆ ಬಲಗೊಳ್ಳುತ್ತದೆ, ಸ್ವಾತಂತ್ರ್ಯ ದೊರೆತಾಗ ಸಡಿಲಗೊಳ್ಳುತ್ತದೆ ಎಂಬ ಮಾತು ಕ್ರೈಸ್ತಮತದ ಚರಿತ್ರೆಯನ್ನು ಕುರಿತು ಬರೆಯುವವರಲ್ಲಿ ರೂಢವಾಗಿದೆ. ರೋಮನ್ ಚಕ್ರವರ್ತಿಗಳ ಕಾಲದ ಹುತಾತ್ಮರನ್ನೂ ಕ್ರಿ.ಶ. 313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಆ ಮತಕ್ಕೆ ದೊರೆತ ಸ್ವಾತಂತ್ರ್ಯವನ್ನೂ ಇದಕ್ಕೆ ಆಧಾರವಾಗಿ ಹೇಳುವುದುಂಟು. ಈ ಮಾತು ನಮ್ಮ ನಾಡಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಹಳೆಯ ಮೈಸೂರು ಸೀಮೆಯ ಎರಡು ನಿದರ್ಶನಗಳಿಂದ ಪರೀಕ್ಷಿಸಬಹುದು. ಒಂದು ಶ್ರೀರಂಗಪಟ್ಟಣದ್ದು, ಮತ್ತೊಂದು ಸಿ.ಎಸ್. ಪುರ ಹೋಬಳಿಯನ್ನೊಳಗೊಂಡ ಗುಬ್ಬಿ ಸೀಮೆಯದು.

ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ, ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಭೂಮಿಕಾಣಿಗಳು ಸರ್ಕಾರದ ವಶವಾದುವು, ಇಗರ್ಜಿಗಳು ನೆಲಸಮವಾದುವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. ಸೆರೆಯಾದವರ ಸಂಖ್ಯೆಯನ್ನು ಸುಲ್ತಾನನ ಕಡೆಯ ಬರೆಹ 60,000 ಎಂದರೆ, ಅಲ್ಲಿಯೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ಇದೇ ಸುಲ್ತಾನನು 1791ರಲ್ಲಿ ಮರಾಠರ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ನೆರವಿತ್ತು ಗೌರವದಿಂದ ಪತ್ರ ಬರೆದವನು. ಆದ್ದರಿಂದ ಕೇವಲ ಮತದ್ವೇಷವೊಂದರಿಂದಲೇ ಈ ಘಟನೆಯನ್ನು ವಿವರಿಸಲಾಗದು. ಕಾರಣದಲ್ಲಿ ರಾಜಕೀಯವಿತ್ತೆಂದ ಮಾತ್ರಕ್ಕೆ ಸೆರೆಯಾದವರ ಸಂಕಟವೇನೂ ಕಿರಿದಾಗುವುದಿಲ್ಲ.

1799ರಲ್ಲಿ ಪಟ್ಟಣವು ಪತನವಾದ ಬಳಿಕ, ಚದುರಿದ ಈ ಸಮುದಾಯವನ್ನು ಮತ್ತೆ ಕೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಬಂದನು. ಇಷ್ಟು ಸಾವಿರ ಜನರಲ್ಲಿ ಮತಕ್ಕಾಗಿ ಪ್ರಾಣವನ್ನೊಪ್ಪಿಸುವ ಧೈರ್ಯ ಒಬ್ಬರಲ್ಲಿಯೂ ಕಾಣಲಿಲ್ಲವೆಂದು ಆತನು ಮುಂದೆ ಕಟುವಾಗಿ ಬರೆದನು. ಆದರೆ ಭಯವು ನೀಗಿದೊಡನೆ ಇವರಲ್ಲಿ ಬಹುಮಂದಿ ತಮ್ಮ ಮೊದಲಿನ ಮತಕ್ಕೆ ಮರಳಿದರು. ಸಾವಿರಾರು ಜನ ಕೆನರಾಕ್ಕೆ ಹಿಂದಿರುಗಿದರು. ಹದಿನೈದು ವರ್ಷ ಮರೆಯಲ್ಲಿದ್ದ ಶ್ರದ್ಧೆ ಅಳಿದಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಮೌನವನ್ನು ಅಶ್ರದ್ಧೆಯೆಂದೆಣಿಸಿದುದು ದುಬಾಯನ ತೀರ್ಪಿನ ದೋಷ.

ಇನ್ನು ಸ್ವಾತಂತ್ರ್ಯದ ಕಾಲವನ್ನು ನೋಡೋಣ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾನು ಮತಕ್ಕೆ ಸೇರಿಸಿಕೊಂಡವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಅದೇ ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಒಪ್ಪಿಕೊಂಡಿದ್ದಾನೆ. 1837ರಲ್ಲಿ ಥಾಮಸ್ ಹಾಡ್ಸನ್ನನು ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಠಾಣೆಯನ್ನು ತೆರೆದನು. ಆಗ ಮೈಸೂರು ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದುದರಿಂದ ಸರ್ಕಾರದ ಅಡ್ಡಿಯಿರಲಿಲ್ಲ. 1839ರಲ್ಲಿ ಬಂದ ವಿಲಿಯಂ ಆರ್ಥರನು ಅಲ್ಲಿದ್ದು ಕನ್ನಡ ಕಲಿತು ಉಪದೇಶಿಸಿದನು. ಗುಬ್ಬಿ ಅಡಿಕೆ ವ್ಯಾಪಾರಕ್ಕೆ ಹೆಸರಾದ ಪೇಟೆ. ಕೇಳುವ ಜನಕ್ಕೆ ಕೊರತೆಯಿರಲಿಲ್ಲ. ಆದರೂ ಕೇಳಿದವರಲ್ಲಿ ಮತವನ್ನು ಸ್ವೀಕರಿಸಿದವರು ಅತ್ಯಲ್ಪ.

ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಅರಸನ ಬಲಾತ್ಕಾರವಿಲ್ಲದಿದ್ದರೂ ಜಾತಿಯ ಬಲಾತ್ಕಾರವಿತ್ತು. ಮತ ಬಿಟ್ಟವನಿಗೆ ಮನೆ, ಪಂಕ್ತಿ, ಕೊಳುಕೊಡೆಗಳು ತಪ್ಪುತ್ತಿದ್ದುವು. ಕಾರಾಗೃಹವಿಲ್ಲದ ಪೀಡನೆಯಿದು. ಎರಡನೆಯದು, ಅನೇಕರಿಗೆ ತಮ್ಮ ಹಿರಿಯರ ಧರ್ಮದಲ್ಲಿಯೇ ತೃಪ್ತಿಯಿತ್ತು. ಅವರು ಪಾದ್ರಿಯ ಮಾತನ್ನು ಕೇಳಿದರು, ವಾದಿಸಿದರು, ಒಲ್ಲೆವೆಂದರು. ಹೀಗೆ ಒಲ್ಲೆನೆನ್ನುವುದೂ ಮತಸ್ವಾತಂತ್ರ್ಯದ ಅಂಗವೇ. ಹೊರಗಿನಿಂದ ನೋಡುವವನಿಗೆ ಈ ಎರಡು ಬಗೆಯ ನಿರಾಕರಣೆಗಳೂ ಒಂದೇ ರೀತಿ ತೋರುತ್ತವೆ. ಬಲವಂತ ಇಲ್ಲವಾದಾಗ ಮಾತ್ರ ಇವುಗಳ ಭೇದ ತಿಳಿದೀತು.

ಆದಕಾರಣ ಪೀಡನೆ ಶ್ರದ್ಧೆಯನ್ನು ಬೆಳೆಸುತ್ತದೆಂಬ ಸೂತ್ರವು ನಮ್ಮ ಚರಿತ್ರೆಗೆ ಸಲ್ಲದು. ಶ್ರೀರಂಗಪಟ್ಟಣದಲ್ಲಿ ಅದು ಶ್ರದ್ಧೆಯನ್ನು ಮರೆಯಾಗಿಸಿತು, ಜೀವಗಳನ್ನು ನುಂಗಿತು. ಸ್ವಾತಂತ್ರ್ಯವಾದರೋ ಅನುಯಾಯಿಗಳ ಸಂಖ್ಯೆಯನ್ನು ಹೆಚ್ಚಿಸಲೇಬೇಕೆಂದಿಲ್ಲ. ಮನುಷ್ಯನ ಹೌದು, ಅಲ್ಲಗಳಿಗೆ ನಿಜವಾದ ಅರ್ಥವನ್ನು ತರುವುದೇ ಅದರ ಕಾರ್ಯ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮಾನವಾಗಿ ಮಾನ್ಯಮಾಡಿದೆ. ಆದರೆ ಗುಬ್ಬಿಯ ನಿದರ್ಶನವು ತೋರುವಂತೆ, ಅರಸನು ಕೈಬಿಟ್ಟ ಬಲಾತ್ಕಾರವನ್ನು ನೆರೆಹೊರೆಯು ಕೈಗೆತ್ತಿಕೊಂಡರೆ ಆ ಸ್ವಾತಂತ್ರ್ಯವು ಶಾಸನದ ಹಾಳೆಯಲ್ಲಿಯೇ ಉಳಿಯುತ್ತದೆ.