ವ್ಯಾಪಾರಿಯ ಮನೆಯ ಚಾಪೆ

ಹೋದ ವರ್ಷ ಮದುವೆಯೊಂದರ ನಿಮಿತ್ತ ಹಲಬರ್ಗಾಕ್ಕೆ ಹೋಗಿದ್ದೆ. ಬೀದರದಿಂದ ಭಾಲ್ಕಿಗೆ ಹೋಗುವ ರೈಲುದಾರಿಯಲ್ಲಿ ಸಿಗುವ ಊರು ಅದು. ನಾನು ಇಳಿದುಕೊಂಡ ಮನೆಯ ಪಡಸಾಲೆಯ ತುಂಬ ಪಿಂಗಾಣಿಯ ಹೂದಾನಿಗಳು, ಎಂದೂ ಬಾಡದ ಪ್ಲಾಸ್ಟಿಕ್ ಹೂಬಳ್ಳಿ, ಗರಿಬಿಚ್ಚಿದ ನವಿಲಿನ ಆಕಾರದ ಗಡಿಯಾರ. ನಾನು ಅವನ್ನು ನೋಡುತ್ತಿದ್ದುದನ್ನು ಕಂಡು ಮನೆಯೊಡತಿ, "ಇವೆಲ್ಲ ಚೀನಾದ್ದರಿ ಕಾಕಾ, ಬೀದರದಾಗ ತಗೊಂಡೀವಿ" ಎಂದಳು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಕಡಲಾಚೆಯ ವಸ್ತು ಮನೆಗೆ ಬಂದಿತೆಂಬ ಹೆಮ್ಮೆ ಬೀದರ ಸೀಮೆಗೆ ಹೊಸದಲ್ಲ. ಅದಕ್ಕೆ ಐದುನೂರು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿದೆ.

ಅಹಮದ ಶಾಹನ ಕಾಲದಲ್ಲಿ ಬಹಮನಿ ರಾಜಧಾನಿ ಕಲಬುರ್ಗಿಯಿಂದ ಬೀದರಕ್ಕೆ ಬಂದ ಮೇಲೆ ಇರಾನಿನ ಜನರೂ ಸರಕೂ ಇತ್ತ ಹರಿದುಬಂದವು. 1453ರಲ್ಲಿ ಕೊಂಕಣದ ದಾಬೋಳ ಬಂದರಿನಲ್ಲಿ ಇಳಿದ ಒಬ್ಬ ವ್ಯಾಪಾರಿಯ ಹೆಸರು ಮಹಮೂದ ಗವಾನ. ಕ್ಯಾಸ್ಪಿಯನ್ ಸಮುದ್ರದ ತಡಿಯ ಗಿಲಾನ್ ಸೀಮೆಯವನು. ಬಂದದ್ದು ವ್ಯಾಪಾರಕ್ಕೆ, ಉಳಿದದ್ದು ರಾಜ್ಯಭಾರಕ್ಕೆ. ಹುಮಾಯೂನ್ ಶಾಹನು ಅವನಿಗೆ ಕೊಟ್ಟ ಬಿರುದು 'ಮಲಿಕ್-ಉತ್-ತುಜ್ಜಾರ್', ಅಂದರೆ ವ್ಯಾಪಾರಿಗಳ ಒಡೆಯ. ಪ್ರಧಾನಮಂತ್ರಿಗೆ ವ್ಯಾಪಾರಿಯ ಬಿರುದು! ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಪಶ್ಚಿಮದ ಕಡಲಲ್ಲಿ ಹಡಗುಗಳನ್ನು ಕಾಡುತ್ತಿದ್ದ ಖೇಳಣಾ, ಸಂಗಮೇಶ್ವರಗಳ ನಾಯಕರನ್ನು ಅವನು ಅಡಗಿಸಿದ. 1472ರಲ್ಲಿ ಗೋವೆಯನ್ನೇ ಗೆದ್ದ. ಬಂದರು ಕೈಯಲ್ಲಿಲ್ಲದೆ ಬೀದರದ ಅಂಗಡಿ ತುಂಬುವುದಿಲ್ಲವೆಂಬುದು ಅವನಿಗೆ ತಿಳಿದಿತ್ತು.

ಆ ಅಂಗಡಿಬೀದಿಯನ್ನು ಕಣ್ಣಾರೆ ಕಂಡವನು ರಷ್ಯದ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಒಂದು ಕುದುರೆಯನ್ನು ಮಾರಲೆಂದು ಬೀದರಕ್ಕೆ ಬಂದ ಬಡ ವ್ಯಾಪಾರಿ ಅವನು. ಅದನ್ನು ವರ್ಷಕಾಲ ಸಾಕಿ ಮಾರುವ ಹೊತ್ತಿಗೆ ಕೈ ಬರಿದಾಗಿತ್ತು. ಇಲ್ಲಿ ಕುದುರೆ, ರೇಷ್ಮೆ, ಜರತಾರಿ ಪಟ್ಟೆ, ಕೊನೆಗೆ ಕಪ್ಪು ಗುಲಾಮರೂ ಮಾರಾಟಕ್ಕಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಸುಲ್ತಾನನ ಅರಮನೆಯಲ್ಲಿ ಕಟ್ಟಕಡೆಯ ಕಲ್ಲಿಗೂ ಕೆತ್ತನೆ, ಚಿನ್ನದ ಲೇಪ; ಏಳು ಬಾಗಿಲು; ಬಾಗಿಲಲ್ಲಿ ಕಾವಲುಗಾರರು, ಒಳಹೋಗುವವರ ಹೊರಬರುವವರ ಹೆಸರು ಬರೆದುಕೊಳ್ಳುವ ಕರಣಿಕರು. ಪರದೇಶಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲವೆಂದೂ ಅವನು ಹೇಳುತ್ತಾನೆ. ಪರದೇಶದ ಸರಕಿಗೆ ತೆರೆದ ಬಾಗಿಲು ಪರದೇಶದ ಮನುಷ್ಯನಿಗೆ ಮುಚ್ಚಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗವಾನನು ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣವಾಯಿತು. ಮೂರು ಅಂತಸ್ತು, ಮೈತುಂಬ ನೀಲಿ, ಬಿಳಿ, ಹಳದಿ, ಹಸಿರು ಬಣ್ಣದ ಗಾಜುಲೇಪದ ಬಿಲ್ಲೆಗಳು. ಈ ಕೆಲಸಕ್ಕೆ ಪಾರಸಿಯಲ್ಲಿ 'ಕಾಶಿ' ಎನ್ನುತ್ತಾರೆ. ನಮ್ಮ ವಿಶ್ವನಾಥನ ಕಾಶಿಗೂ ಇದಕ್ಕೂ ನಂಟಿಲ್ಲ. ಇರಾನಿನ ಕಾಶಾನ್ ಪಟ್ಟಣದಿಂದ ಬಂದ ಹೆಸರು. ಬಿಲ್ಲೆಗಳು ಸಿದ್ಧವಾಗಿಯೇ ಹಡಗೇರಿ ಬಂದವೆಂದು ಹೇಳುವವರುಂಟು, ಕುಶಲಿಗಳು ಬಂದು ಇಲ್ಲಿಯೇ ಸುಟ್ಟರೆನ್ನುವವರೂ ಉಂಟು. ಹೇಗಾದರೂ ಆ ಬೆಡಗು ಬಂದ ದಾರಿ ಕಡಲಿನದೇ. ಘಟ್ಟ ಹತ್ತಿ ಬಂದ ಆ ನೀಲಿಯನ್ನು ಬೀದರದ ಕೆಂಪು ನೆಲದ ಮೇಲೆ ಮೊದಲ ಸಲ ಕಂಡ ಜನ ಎಷ್ಟು ಹೊತ್ತು ನಿಂತು ನೋಡಿದ್ದಾರೋ!

ಊರಿಗೆ ಇಷ್ಟು ಅಲಂಕಾರ ತೊಡಿಸಿದವನ ಸ್ವಂತ ಮನೆ ಹೇಗಿತ್ತು? ಅದು ಗೊತ್ತಾದದ್ದು ಅವನು ಸತ್ತ ಮೇಲೆ. ಆಸ್ಥಾನದಲ್ಲಿ ದಖ್ಖನಿಗಳಿಗೂ 'ಆಫಾಕಿ'ಗಳೆಂಬ ಹೊರನಾಡಿನವರಿಗೂ ಆಗುತ್ತಿರಲಿಲ್ಲ. ಮುದ್ರೆ ಕಾಯುವ ಆಳಿಗೆ ಕುಡಿಸಿ, ಬರಿಯ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿ, ಅವನೇ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಓಲೆ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದ ಶಾಹನು ವಿಚಾರಿಸದೆ, 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಮುದುಕನ ತಲೆ ತೆಗೆಸಿದ. ಬಳಿಕ ಅವನ ಸಂಪತ್ತೆಲ್ಲಿ ಎಂದು ಕೇಳಿದ. ಭಂಡಾರಿ ಕೊಟ್ಟ ಲೆಕ್ಕವನ್ನು ಬಿಜಾಪುರದ ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಗವಾನನು ಊರಿನಿಂದ ತಂದ ಬಂಡವಾಳ ನಲವತ್ತು ಸಾವಿರ ಲಾರಿ. ಲಾರಿಯೆಂದರೆ ವಾಹನವಲ್ಲ, ಪಾರಸಿಯ ಲಾರ್ ಸೀಮೆಯ ಹೆಸರು ಹೊತ್ತ, ಬೆಳ್ಳಿತಂತಿ ಬಗ್ಗಿಸಿ ಮಾಡಿದ ನಾಣ್ಯ. ಆ ಹಣದಿಂದ ವರ್ಷವರ್ಷವೂ ದಖ್ಖನಿನ ಸರಕು ಕೊಂಡು ಬಂದರಿಗೆ ಕಳಿಸಿ, ಬಂದ ಲಾಭದಲ್ಲಿಯೇ ಉಟ್ಟು ಉಂಡು, ಮಿಕ್ಕದ್ದನ್ನು ದಾನಮಾಡುತ್ತಿದ್ದ. ಮಂತ್ರಿಯಾಗಿಯೂ ವ್ಯಾಪಾರ ಬಿಟ್ಟಿರಲಿಲ್ಲ. ಮನೆಯಲ್ಲಿ ಸಿಕ್ಕದ್ದು ಮಲಗುವ ಚಾಪೆ, ಅಡುಗೆಯ ಮಣ್ಣಿನ ಮಡಕೆ. ಮೂರು ಸಾವಿರ ಗ್ರಂಥಗಳಿದ್ದವು. ಅವು ಮದರಸಾದ ವಿದ್ಯಾರ್ಥಿಗಳ ಪಾಲಿನವು. ಪರದೇಶದ ಚೆಲುವನ್ನು ಊರಿಗೆ ತಂದವನು ಅದರಲ್ಲೊಂದು ಚೂರನ್ನೂ ತನ್ನ ಗೋಡೆಗೆ ಅಂಟಿಸಿಕೊಂಡಿರಲಿಲ್ಲ. ಸುಲ್ತಾನ ಪಶ್ಚಾತ್ತಾಪಪಟ್ಟನಂತೆ, ಮರುವರ್ಷವೇ ತೀರಿಕೊಂಡ.

ಮದರಸಾ ಮೊಗಲರ ಕೈಗೆ ಹೋಗಿ ಮದ್ದುಗುಂಡಿನ ಉಗ್ರಾಣವಾಯಿತು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಅರ್ಧವೂ ಒಂದು ಮಿನಾರೂ ಉರುಳಿದವು. ಉಳಿದ ಮಿನಾರಿನ ಮೈಮೇಲೆ ಅಲ್ಲಲ್ಲಿ ನೀಲಿ ಅಂಟಿಕೊಂಡಿದೆ. ಗಾಜಿನ ಬಿಲ್ಲೆಯ ಕಸುಬು ಬೀದರದಲ್ಲಿ ಬೇರೂರಲಿಲ್ಲ.

ಬೇರೂರಿದ್ದು ಬಿದರಿ. ಅದೂ ಹೊರಗಿನಿಂದ ಬಂದ ಕುಶಲಿಯೊಬ್ಬನಿಂದ ಬಂತೆಂದೇ ಪ್ರತೀತಿ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ತುಂಬುತ್ತಾರೆ. ಸತು ಬೀದರದ್ದಲ್ಲ, ತಾಮ್ರ ಬೀದರದ್ದಲ್ಲ, ಬೆಳ್ಳಿಯೂ ಅಲ್ಲ. ಕೋಟೆಯ ಹಳೆಯ ಮಣ್ಣು ಮಾತ್ರ ಇಲ್ಲಿಯದು. ಅದನ್ನು ನವಸಾಗರದೊಡನೆ ಕುದಿಸಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ನಿಲ್ಲುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಪಾತ್ರೆಗಳು ಕುಳಿತವು. ಸರಕು ಬಂದ ದಾರಿಯಲ್ಲಿ ಸರಕು ಹಿಂದಿರುಗಿ ಹೋದಂತಾಯಿತು.

ಹಲಬರ್ಗಾದ ಆ ಪಡಸಾಲೆಯ ಗೋಡೆಗೂಡಿನಲ್ಲಿಯೂ ಒಂದು ಪುಟ್ಟ ಬಿದರಿ ಹೂಜಿ ಇತ್ತು, ಬೆಳ್ಳಿಯ ಗೆರೆ ಕಾಣದಷ್ಟು ಮಾಸಿತ್ತು. ಕೇಳಿದೆ. "ಅದಾ? ಹಳೇದರಿ ಕಾಕಾ, ನಮ್ಮ ಅತ್ತಿಯವರದು" ಎಂದಳು. ಅದರಲ್ಲಿ ಊದುಬತ್ತಿಯ ಕಡ್ಡಿಗಳನ್ನು ಇಟ್ಟಿದ್ದರು.